ಹತ್ತಿಯ ಬೆನ್ನು ಹತ್ತಿದ ಬಾಳವ್ವ ಅಕ್ಕೋರು

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಪ್ರಾಥಮಿಕ ಶಾಲೆಯ ಒಳ್ಳೆಯ ಶಿಕ್ಷಕರಿಗೆ ಎಂದೂ ಬರವಿರಲಿಲ್ಲ. ಮಗ್ಗಿ ತಪ್ಪಿದರೆ ಕಿವಿ ಹಿಂಡುವವರೂ, ಅಕ್ಷರ ದುಂಡಗಾದರೆ ಬೆನ್ನು ತಟ್ಟುವವರೂ ಬೇಕಾದಷ್ಟು ಜನ ಇದ್ದರು. ಆದರೆ ಹಾಜರಿಯೊಂದಿಗೆ ಹುಟ್ಟಿದ ಪಾಠ ಗಂಟೆಯೊಂದಿಗೆ ಮುಗಿದುಹೋಗಬಾರದು, ಅದು ಮಕ್ಕಳ ಕೈ ಹಿಡಿದು ಊರ ಅಗಸಿಬಾಗಿಲು ದಾಟಿಸಬೇಕು ಎಂದು ಹಟ ಹಿಡಿದು ಕೂತವರು ಒಬ್ಬರೇ. ಚಿಕ್ಕನರಗುಂದದ ಕನ್ನಡ ಶಾಲೆಯಿಂದ ಈ ವರ್ಷ, ೧೯೫೯ರಲ್ಲಿ, ನಿವೃತ್ತರಾಗುತ್ತಿರುವ ಶ್ರೀಮತಿ ಬಾಳವ್ವನವರೇ ಅವರು. ಊರಿಗೆಲ್ಲ ಅವರು ಬಾಳವ್ವ ಅಕ್ಕೋರು. ಅವರ ಪಕ್ಕದ ವರ್ಗದಲ್ಲಿ ಪಾಠ ಹೇಳುತ್ತ, ಅವರ ವರ್ಗದ ಗದ್ದಲಕ್ಕೆ ಹೊಟ್ಟೆಕಿಚ್ಚು ಪಡುತ್ತ ಎಂಟು ವರ್ಷ ಕಳೆದ ಸಹೋದ್ಯೋಗಿಯೊಬ್ಬನ ಪಾಲಿಗೆ ಈ ಲೇಖನ ಬಂದಿರುವುದು ಅವನ ಭಾಗ್ಯ.

ಎರೆಹೊಲದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಶಿಕ್ಷಕಿಯ ತರಬೇತಿ ಪಡೆದ ಬಾಳವ್ವನವರು ಹಲವು ಹಳ್ಳಿಗಳಲ್ಲಿ ದುಡಿದು, ೧೯೫೧ರಲ್ಲಿ ಚಿಕ್ಕನರಗುಂದಕ್ಕೆ ಬಂದರು. ಬಂದ ವಾರದೊಳಗೇ ಮಕ್ಕಳನ್ನು ಕಮ್ಮಾರನ ಕುಲುಮೆಗೆ ಕರೆದೊಯ್ದರು, ಮರುವಾರ ಕೆರೆಗೆ, ಅದರ ಮರುವಾರ ನರಗುಂದದ ಗುಡ್ಡಕ್ಕೆ. ಕೂಲಿ ಮಾಡುವವರ ಮಗಳು ದೇವವ್ವ, ಕೈಗೂಸು ತಮ್ಮನನ್ನು ನೋಡಿಕೊಳ್ಳಬೇಕೆಂದು ಗುಡ್ಡಕ್ಕೆ ಹೊರಡದೆ ಬಾಗಿಲಲ್ಲೇ ನಿಂತಾಗ, ಅಕ್ಕೋರು ಕೂಸನ್ನು ತಮ್ಮ ಸೊಂಟಕ್ಕೇರಿಸಿಕೊಂಡು ಗುಡ್ಡ ಹತ್ತಿದರು. ಇಳಿಯುವಾಗ ಕೂಸು ಅವರ ಸೀರೆಯನ್ನು ತೋಯಿಸಿತ್ತು. ಅವರು ಮಾತ್ರ ಕೋಟೆಯ ಗೋಡೆಯ ಕಲ್ಲನ್ನು ಹೇಗೆ ಏರಿಸಿರಬಹುದೆಂಬ ಪ್ರಶ್ನೆಯನ್ನು ಬಿಡಲಿಲ್ಲ. ಉಮೇದು ಬಂದರೆ ಅವರಿಗೆ ಹಸಿವೆ ನೀರಡಿಕೆಗಳ ಪರಿವೆ ಇರುವುದಿಲ್ಲವೆಂಬುದು ಅಂದೇ ನಮಗೆಲ್ಲ ತಿಳಿಯಿತು.

ಆದರೆ ಅವರ ಹೆಸರು ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ಹಬ್ಬಿದ್ದು ೧೯೫೩ರ ಸುಮಾರಿಗೆ, ಒಂದು ಬಟ್ಟೆಯ ಪಾಠದಿಂದ. ನಮ್ಮ ಅಂಗಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ವರ್ಗಕ್ಕೆ ವರ್ಗವೇ ‘ಅಂಗಡಿಯಿಂದ’ ಎಂದಿತು. ನಮ್ಮ ಹೊಲದ ಹತ್ತಿ ಎಲ್ಲಿಗೆ ಹೋಗುತ್ತದೆ ಎಂದರೆ, ‘ಚಕ್ಕಡ್ಯಾಗ ಹೊಕ್ಕೈತ್ರಿ’ ಎಂದಿತು. ಚಕ್ಕಡಿಗೂ ಅಂಗಡಿಗೂ ನಡುವೆ ಏನಿದೆ ಎಂಬುದು ಹತ್ತಿಯಲ್ಲೇ ಹುಟ್ಟಿ ಹತ್ತಿಯಲ್ಲೇ ಬೆಳೆದ ಆ ಮಕ್ಕಳಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅಕ್ಕೋರಿಗೆ ಅಂದು ಊಟ ಸೇರಲಿಲ್ಲ. ನೇಕಾರರ ಊರಾದ ಗಜೇಂದ್ರಗಡಕ್ಕೆ ಹೋಗಿ ಮಗ್ಗ ತೋರಿಸಿಕೊಂಡು ಬರಲೇಬೇಕೆಂದು ಅವರು ಸಂಜೆಯೊಳಗೆ ನಿಶ್ಚಯಿಸಿದ್ದರು.

ಊರಿನ ಹಿರಿಯ ಒಕ್ಕಲಿಗ ಮಹಾಲಿಂಗಪ್ಪನವರು ನಕ್ಕುಬಿಟ್ಟರು. “ಹತ್ತಿ ನೋಡಾಕ ಗಜೇಂದ್ರಗಡಕ್ಕ ಯಾಕ್ರಿ ಅಕ್ಕೋರ? ಹಿತ್ತಲ ಬಾಗ್ಲಾ ತೆಗದ್ರ ಹತ್ತೀನ ಐತಲ್ಲ!” ನಗದೇ ಇದ್ದವರು ರೋಣದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು. ದೇಶ ಸುತ್ತು, ಕೋಶ ಓದು ಎಂಬ ಗಾದೆಯಲ್ಲಿ ಅವರಿಗೆ ಎರಡನೆಯ ಅರ್ಧದ ಮೇಲೆ ಮಾತ್ರ ವಿಶ್ವಾಸವಿತ್ತು. ಬಹಳ ಕಾಡಿದ ಮೇಲೆ ಬಾಯಿಮಾತಿನ ಅಪ್ಪಣೆ ಕೊಟ್ಟರು: “ಹೋಗಿ ಬರ್ರಿ. ಆದ್ರ ಒಂದ ಒಂದು ತಕರಾರು ಬಂತಂದ್ರ, ಇದ ಮೊದಲನೇದು, ಇದ ಕಡೀದು. ಆಮ್ಯಾಲೆ ನಿಮ್ಮ ಮಕ್ಕಳು ಅಗಸಿ ದಾಟೂ ಹಂಗಿಲ್ಲ.” ಅಕ್ಕೋರು ಒಪ್ಪಿದರು. ಇನ್ನು ಕೆರೆ, ಕುಲುಮೆಗಳ ಪಾಠವೂ ಈ ಒಂದು ಪ್ರವಾಸದ ಮೇಲೆಯೇ ನಿಂತಿತ್ತು.

ಎಳ್ಳಮಾವಾಸ್ಯೆಯ ಮರುದಿನ ಹೊರಟರು. ನಮ್ಮ ಕಡೆ ಎಳ್ಳಮಾವಾಸ್ಯೆಯಂದು ಒಕ್ಕಲಿಗರು ಹೊಲಕ್ಕೆ ಹೋಗಿ, ಬಸುರಿಯಂತೆ ತುಂಬಿ ನಿಂತ ಭೂಮಿತಾಯಿಗೆ ಉಣ್ಣಿಸಲೆಂದು ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಹಬ್ಬದ ಸಜ್ಜೆರೊಟ್ಟಿ, ಕಡಬು, ಎಳ್ಳುಹೋಳಿಗೆಗಳ ಗಂಟು ಪ್ರತಿ ಮಗುವಿನ ಹೆಗಲಲ್ಲಿತ್ತು. ರೋಣದಲ್ಲಿ ಬಸ್ಸು ಬದಲಿಸಿ, ಸಂಜೆ ಗಜೇಂದ್ರಗಡ ಸೇರಿ, ಅಲ್ಲಿಯ ಶಾಲೆಯಲ್ಲಿ ಮಲಗಿ, ಮುಂಜಾನೆ ನೇಕಾರರ ಓಣಿಗೆ ಬಂದರು.

ಓಣಿಯ ಉದ್ದಕ್ಕೂ ಗೂಟದಿಂದ ಗೂಟಕ್ಕೆ, ಮಗ್ಗಕ್ಕೆ ಏರಿಸಬೇಕಾದ ಬಿಳಿ ನೂಲಿನ ಹಾಸು ಬಿಗಿದು ನಿಂತಿತ್ತು, ಆಗಷ್ಟೇ ಗಂಜಿ ಕುಡಿದು ಒದ್ದೆಯಾಗಿ, ಎಳೆಬಿಸಿಲಿಗೆ ಹೊಳೆಯುತ್ತಾ. ಅದರ ಒಡೆಯ ನೇಕಾರ ಪರಶಪ್ಪ ಗಂಜಿ ಸವರುವ ಕುಂಚ ತರಲು ಒಳಗೆ ಹೋಗಿದ್ದ. ಅಕ್ಕೋರ ಎದೆ ತುಂಬಿ ಬಂತು. ತಮ್ಮ ಹತ್ತಿಯ ಹೊಲವೇ ಇಲ್ಲಿಗೆ ನಡೆದುಬಂದು ಓಣಿಯಲ್ಲಿ ಮಲಗಿದಂತೆ ಅವರಿಗೆ ಕಂಡಿತು. “ನೋಡ್ರೋ, ಇದು ನಮ್ಮ ಹತ್ತಿ! ನಮ್ಮ ಬೆಳಿ!” ಎಂದವರೇ, ಹಿಂದುಮುಂದು ನೋಡದೆ ಗಂಟು ಬಿಚ್ಚಿ, “ಹುಲ್ಲುಲ್ಲಿಗೋ... ಸಲಾಂಬ್ರಿಗೋ!” ಎಂದು ಹೊಲದಲ್ಲಿ ಚರಗಕ್ಕೆ ಕೂಗುವಂತೆಯೇ ಕೂಗಿ ಒಂದು ಹಿಡಿ ಚರಗವನ್ನು ಹಾಸಿನ ಮೇಲೆ ಚೆಲ್ಲಿಬಿಟ್ಟರು. ಗುರುವೇ ಚೆಲ್ಲಿದ ಮೇಲೆ ಶಿಷ್ಯರು ಸುಮ್ಮನಿರುತ್ತಾರೆಯೇ? ಕಡಬಿನ ಹೂರಣ, ರೊಟ್ಟಿಯ ಚೂರು, ಎಳ್ಳು, ಬೆಲ್ಲ ಎಲ್ಲವೂ ಒದ್ದೆ ನೂಲಿನ ಮೇಲೆ ಮಳೆಗರೆದವು.

ಕೂಗು ಕೇಳಿ ಹೊರಗೆ ಬಂದ ಪರಶಪ್ಪನ ಕೈಯಿಂದ ಕುಂಚ ಜಾರಿತು. “ಏನ್ ಮಾಡಿದ್ರಿ! ಸತ್ಯಾನಾಶ ಮಾಡಿದ್ರಲ್ರಿ! ಗಂಜಿ ಒಣಗಿತಂದ್ರ ಎಳ್ಳು ನೂಲು ಒಂದಾಗಿ ಕುಂದರತೈತಿ. ಬೆಲ್ಲಕ್ಕ ಇರಿವಿ ಮುಕರ್ತಾವ! ಸಾಲೀ ಅಕ್ಕೋರಂತ, ಸಾಲೀ ಅಕ್ಕೋರು! ನಾ ಇವತ್ತ ರೋಣಕ್ಕ ಹೊಕ್ಕೀನಿ, ಸಾಹೇಬ್ರಿಗೆ ಹೇಳೇ ಹೇಳತೀನಿ!”

ಮಕ್ಕಳ ತಪ್ಪೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಅಕ್ಕೋರು ಹಾಗೆ ಮಾಡಲಿಲ್ಲ. “ಮೊದಲ ಕೈ ನಂದ್ರಿ. ಹೇಳ್ರಿ, ಅವಶ್ಯ ಹೇಳ್ರಿ. ಆದ್ರ ಬಿಸಲು ಏರೂದ್ರೊಳಗ ಎಳ್ಳೆಲ್ಲಾ ಆರಿಸಿ ತೆಗಿಯೂನು.” ಪರಶಪ್ಪನ ಹೆಂಡತಿ ಮಾನವ್ವ ಅಷ್ಟರಲ್ಲಿ ನೀರಿನ ಬಟ್ಟಲು ತಂದಿದ್ದಳು. “ನಿಂತು ಒದರಿದ್ರ ಎಳ್ಳು ತಾನ ಉದರತೈತೇನು? ಬರ್ರಿ ಮಕ್ಕಳಾ, ಲಗೂ! ಕೈ ತೊಳಕೊಂಡು ಬರ್ರಿ!”

ಆಮೇಲೆ ನಡೆದದ್ದನ್ನು ಆ ಓಣಿ ಇಂದಿಗೂ ನೆನೆಯುತ್ತದೆ. ಹಾಸಿನ ಎರಡೂ ಬದಿಗೆ ಮಕ್ಕಳು ಸಾಲಾಗಿ ಕೂತರು. ದೊಡ್ಡವರ ಬೆರಳು ಹೋಗದ ಕಡೆ ಅವರ ಎಳೆಬೆರಳು ಹೋದವು. ಏರುತ್ತಿದ್ದ ಬಿಸಿಲಿಗೂ ಇಳಿಯುತ್ತಿದ್ದ ಎಳ್ಳಿಗೂ ಪಂದ್ಯ ಬಿದ್ದಿತ್ತು. ಎಳೆ ಕಡಿದರೆ ಮಾನವ್ವ ಗಂಟು ಹಾಕಿ ತೋರಿಸುವಳು. ಮಕ್ಕಳು ತಾವೂ ಹಾಕುವರು. ಈ ಎಳೆ ಉದ್ದಕ್ಕೆ, ಅಡ್ಡದ ಎಳೆ ಮಗ್ಗದ ಲಾಳಿಯಿಂದ ಎಂಬುದು ಯಾರೂ ಕಲಿಸದೆ ಅವರಿಗೆ ತಿಳಿಯಿತು. ಪರಶಪ್ಪನೂ ಗೊಣಗುತ್ತಲೇ ಕೂತು ಕೈಹಚ್ಚಿದ. ಅವನ ಮಗಳು ಪಕ್ಕದಲ್ಲಿದ್ದ ದೇವವ್ವನನ್ನು ಕೇಳಿದಳು: “ಹತ್ತಿ ಹೂವು ಹಿಂಗ ಬೆಳ್ಳಗಿರತೈತೇನ?” ಚಿಕ್ಕನರಗುಂದದ ಮಕ್ಕಳೆಲ್ಲ ಗೊಳ್ಳೆಂದು ನಕ್ಕು, “ಹಳದಿ! ಹಳದಿ!” ಎಂದು ಕೂಗಿದರು. ಪರಶಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು. ಹಾಸು ಸ್ವಚ್ಛವಾಗಿತ್ತು, ಗಂಜಿ ಇನ್ನೂ ಹಸಿಯಿತ್ತು. ಆದರೂ ಅವನು ತಟ್ಟನೆ ಎದ್ದು ಒಳಗೆ ಹೋದ.

ಮಾನವ್ವ ಮಗ್ಗದಲ್ಲಿ ಕೂತು ಲಾಳಿ ಹಾರಿಸಿ ತೋರಿಸಿದಳು. ಮಧ್ಯಾಹ್ನ ಮಕ್ಕಳು ಕುಣಿಯುತ್ತ ಬಸ್ ಸ್ಟ್ಯಾಂಡಿಗೆ ಬಂದಾಗ, ರೋಣದ ಬಸ್ಸೊಂದು ಆಗಲೇ ಹೊರಟಿತ್ತು. ಅದರ ಕಿಟಕಿಯಲ್ಲಿ, ಹೊಸ ರುಮಾಲು ಸುತ್ತಿಕೊಂಡು, ಪರಶಪ್ಪ ಕೂತಿದ್ದ. ದಾರಿಯುದ್ದಕ್ಕೂ ಮಕ್ಕಳು ಲಾಳಿಯ ಸದ್ದನ್ನು ಅಣಕಿಸುತ್ತಿದ್ದರೆ, ಅಕ್ಕೋರು ಹೊರಗಿನ ಹೊಲಗಳನ್ನೇ ನೋಡುತ್ತ ಕೂತಿದ್ದರು.

ನಾಲ್ಕಾರು ದಿನಗಳಲ್ಲೇ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆಗೆ ಬಂದಿಳಿದರು. ಕುರ್ಚಿಯಲ್ಲಿ ಕೂಡಲೂ ಇಲ್ಲ. “ನಿಮ್ಮ ಮ್ಯಾಲೆ ತಕರಾರು ಬಂದೈತಿ, ಅಕ್ಕೋರ.”

“ಹೌದ್ರಿ. ತಪ್ಪು ನಂದ ಐತ್ರಿ. ಮಕ್ಕಳದಲ್ಲ.”

“ಮೊದಲ ಕೇಳ್ರಿ. ಆ ನೇಕಾರ ನನ್ನ ಮೇಜಾ ಗುದ್ದಿ ಕೇಳಿದ: ‘ಒಕ್ಕಲಿಗರ ಮಕ್ಕಳು ಬಂದು ನಮ್ಮ ಮಗ್ಗಾ ನೋಡಿ ಹೋದ್ರು. ನಮ್ಮ ಮಕ್ಕಳು ಹತ್ತಿ ಹೂವಿನ ಬಣ್ಣಾ ತಿಳೀದ ಕುಂತಾವ. ಅವರನ್ನ ಕರಕೊಂಡು ಹೋಗಾಕ ಒಬ್ಬ ಅಕ್ಕೋರು ನಮಗ ಯಾಕಿಲ್ರಿ?’ ಈ ತಕರಾರಿಗೆ ನಾ ಏನ್ ಜವಾಬು ಕೊಡ್ಲಿ?”

ಪಕ್ಕದ ವರ್ಗದಲ್ಲಿದ್ದವರಿಗೂ ಕೇಳುವಂತೆ ಬಾಳವ್ವನವರು ಕೂಗಿದರು: “ಲಗೂ ಬರಾಕ ಹೇಳ್ರಿ ಸಾಹೇಬ್ರ! ಹೂವು ಇನ್ನೂ ಅದಾವ್ರಿ!”

ನೇಕಾರರ ಮಕ್ಕಳು ಬಂದರು. ಜೊತೆಗೆ ಬಂದ ಪರಶಪ್ಪ ಹತ್ತಿಯ ಸಾಲಿನಲ್ಲಿ ನಿಂತು, ಹಳದಿ ಹೂವೊಂದನ್ನು ಕೀಳದೆ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಮಹಾಲಿಂಗಪ್ಪನವರು ತಮ್ಮ ಹೊಲದಲ್ಲೇ ಎಲ್ಲರಿಗೂ ಬುತ್ತಿ ಬಿಚ್ಚಿಸಿದರು. ಅಂದಿನಿಂದ ಪ್ರತಿ ವರ್ಷ ಈ ಕಡೆಯ ಮಕ್ಕಳು ಆ ಕಡೆಗೆ, ಆ ಕಡೆಯವರು ಈ ಕಡೆಗೆ ಹೋಗಿಬರುತ್ತಿದ್ದಾರೆ. ರಾಜ್ಯ ಬದಲಾಯಿತು, ಸಾಹೇಬರು ಬದಲಾದರು, ಈ ಪದ್ಧತಿ ಬದಲಾಗಲಿಲ್ಲ.

ಬೀಳ್ಕೊಡುಗೆ ಸಮಾರಂಭದ ದಿನ ಗೊತ್ತುಮಾಡಲು ಹೋದ ನಮಗೆ ಅಕ್ಕೋರು ಒಂದೇ ಷರತ್ತು ಹಾಕಿದರು: “ಎಳ್ಳಮಾಸಿ ಮರುದಿನಾ ಮಾತ್ರ ಬ್ಯಾಡ್ರಿ. ಗಜೇಂದ್ರಗಡಕ್ಕ ಹೋಗೂದೈತಿ.” ನಿವೃತ್ತರಾದ ಮೇಲೂ ಹೋಗುವಿರೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಭೂಮಿತಾಯಿ ಅವರಿಗೆ ತುಂಬು ಆಯುಷ್ಯವನ್ನೂ, ಗುಡ್ಡ ಹತ್ತುವ ಕಾಲುಗಳನ್ನೂ, ಕೈ ಹಿಡಿದು ನಡೆಯಲು ಹೊಸ ಹೊಸ ಮಕ್ಕಳನ್ನೂ ಕೊಡಲಿ. ಮತ್ತು ನೇಕಾರರ ಓಣಿ ಬರುತ್ತಲೇ ಅವರ ಚರಗದ ಗಂಟನ್ನು ಇಸಿದುಕೊಳ್ಳಲು ಮಾನವ್ವ ಎಂದಿನಂತೆ ಬಾಗಿಲಲ್ಲಿ ನಿಂತಿರಲಿ.