ಅಮಾವಾಸ್ಯೆಯ ಹೊಸ ಅಕ್ಕಿ, ನೀರುಕೋಳಿಯ ಗೂಡು

ಕಾಲುವೆಯಾಗಿ ನಮ್ಮ ಗದ್ದೆಯವರೆಗೂ ನಡೆದು ಬರುವ ತುಂಗಭದ್ರೆಗೆ, ಆಕೆಯನ್ನು ಮಡಿಲಲ್ಲಿ ಹಿಡಿದಿಟ್ಟುಕೊಳ್ಳುವ ಕರಿಮಣ್ಣಿಗೆ, ಕೆಸರಿನಲ್ಲಿ ಬಾಗಿ ಸಸಿ ನೆಟ್ಟ ಕೈಗಳಿಗೆ ಮೊದಲು ನಮಸ್ಕಾರ. ಇವರ ದಯೆಯಿಂದಲೇ ನಾನು ಈ ವಯಸ್ಸಿನವರೆಗೆ ಅನ್ನ ಉಂಡಿದ್ದೇನೆ. ಆ ಅನ್ನದಲ್ಲಿ ನನ್ನದೊಂದು ತಪ್ಪೂ ಬೆರೆತಿದೆ, ಅದನ್ನು ಹೇಳಬೇಕಾಗಿದೆ.

ಬಳಗಾನೂರಿನ ಕಡೆಗಿರುವ ನಮ್ಮ ಗದ್ದೆಯ ತಗ್ಗಿನ ಮೂಲೆಯಲ್ಲಿ ಹೋದ ವರ್ಷ ತೆನೆ ಬಾಗುವ ಹೊತ್ತಿಗೆ ನೀರುಕೋಳಿಯೊಂದು ಗೂಡು ಕಟ್ಟಿತ್ತು. ನೇರಳೆ ಮೈ, ಹಣೆಯ ಮೇಲೆ ಕುಂಕುಮದಂಥ ಕೆಂಪು. ಪೈರು ಕಡಿಯುತ್ತದೆಂದು ಸುತ್ತಲಿನವರು ಅದನ್ನು ಕಲ್ಲು ಬೀಸಿ ಓಡಿಸುತ್ತಾರೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸರ ಮುಂದಾಳು ನನ್ನನ್ನು ಬದುವಿನ ಮೇಲೆ ಕರೆದೊಯ್ದು ತೋರಿಸಿದಳು. ನೆಲ್ಲಿನ ದಂಟುಗಳನ್ನೇ ಮಡಚಿ, ನಿಂತ ನೀರಿನ ಮೇಲೆ ಹಾಸಿದ ಹಾಸಿಗೆ; ಅದರಲ್ಲಿ ಐದು ತತ್ತಿ.

“ಬಾಣಂತನಕ್ಕ ಬಂದೈತ್ರಿ ಅಪ್ಪಾರ. ನಿಮ್ಮ ಗದ್ದೀನ ತವರುಮನಿ ಅಂತ ತಿಳಕೊಂಡೈತಿ,” ಎಂದು ನಕ್ಕಳು. “ನೀರು ನಿಂತಿರೋತನಕ ನಾಯಿ, ಮುಂಗುಸಿ ಹತ್ರ ಬರಂಗಿಲ್ಲ. ಇನ್ನ ಎಂಟತ್ತು ದಿನ ನೀರು ಹೊರಗ ಹಾಕಬ್ಯಾಡ್ರಿ.”

ಆದರೆ ಕಾರ್ತಿಕದ ಅಮಾವಾಸ್ಯೆಯಂದು ಹೊಸ ಅಕ್ಕಿಯ ನೈವೇದ್ಯ ನಮ್ಮ ಮನೆಯಲ್ಲಿ ಎಂದೂ ತಪ್ಪಿರಲಿಲ್ಲ. ನೆಲ ಒಣಗದೆ ಕೊಯ್ಯುವ ಮಷೀನು ಗದ್ದೆಗೆ ಇಳಿಯದು. ಅದನ್ನೇ ಹೇಳಿದೆ.

“ದೇವರೇನು ಕ್ಯಾಲೆಂಡರ್ ನೋಡಿ ಊಟಕ್ಕ ಕುಂದರ್ತಾನೇನ್ರಿ? ಹಳೇ ಅಕ್ಕಿ ಒಲ್ಲೆ ಅಂದಾನೇನು?”

“ಶಾಸ್ತ್ರ ನನಗ ಕಲಿಸಬ್ಯಾಡ, ತಂಗಿ.”

ಶಾಸ್ತ್ರಕ್ಕಿಂತ ಸಿಟ್ಟೇ ಆ ಮಾತಿನಲ್ಲಿ ಹೆಚ್ಚಿತ್ತು. ಮರುದಿನ ಮುಂಜಾನೆ ಪುಣ್ಯನದಿಗಳನ್ನೆಲ್ಲ ತಂಬಿಗೆಗೆ ಕರೆದು ಸ್ನಾನ ಮುಗಿಸಿದೆ. ಅದೇ ಕೈಯಲ್ಲಿ ಸಲಿಕೆ ಹಿಡಿದು ಬದುವಿನ ಕಂಡಿ ಒಡೆದು, ನದಿಯನ್ನು ಹೊರಗೆ ಕಳುಹಿಸಿದೆ.

ಮೂರನೆಯ ದಿನ ಹೋಗಿ ನೋಡಿದೆ. ಹಸಿ ಮಣ್ಣಿನಲ್ಲಿ ಮುಂಗುಸಿಯ ಹೆಜ್ಜೆಗಳು ನೇರವಾಗಿ ಗೂಡಿಗೆ ಹೋಗಿದ್ದವು. ಒಳಗೆ ಚಿಪ್ಪಿನ ಚೂರುಗಳಷ್ಟೇ ಉಳಿದಿದ್ದವು. ತಾಯಿಹಕ್ಕಿ ನೀರಿಲ್ಲದ ನೆಲದ ಮೇಲೆ ಉದ್ದ ಕಾಲುಗಳನ್ನು ಎತ್ತೆತ್ತಿ ಇಡುತ್ತ, ಕೂಗುತ್ತ, ಅಲ್ಲೇ ಸುತ್ತುತ್ತಿತ್ತು. ನನ್ನನ್ನು ಕಂಡೂ ಹಾರಲಿಲ್ಲ.

ಅಮಾವಾಸ್ಯೆಗೆ ಹೊಸ ಅಕ್ಕಿಯ ಅನ್ನವಾಯಿತು. ಪ್ರಸಾದಕ್ಕೆ ಬಂದ ಆ ಹೆಣ್ಣುಮಗಳು ಅದನ್ನು ಕಣ್ಣಿಗೊತ್ತಿಕೊಂಡು ಕೇಳಿದಳು:

“ಬಾಣಂತಿ ಹೆಂಗದಾಳ್ರಿ ಅಪ್ಪಾರ?”

“ಮರಿ ಕರಕೊಂಡು ಹೋತು,” ಎಂದೆ. ದೇವರ ಮುಂದೆ ನಿಂತು, ಪ್ರಸಾದದ ತಟ್ಟೆ ಹಿಡಿದುಕೊಂಡೇ ಸುಳ್ಳಾಡಿದೆ.

ಅಂದಿನಿಂದ ಸ್ನಾನದ ಹೊತ್ತಿಗೆ ನದಿಗಳ ಹೆಸರು ಹೇಳುವಾಗಲೆಲ್ಲ ನಾಲಿಗೆ ತಡವರಿಸತೊಡಗಿತು. ಈ ವರ್ಷ ನಾಟಿಯ ಮೊದಲ ದಿನ ಬದುವಿನ ಮೇಲೆ ನಿಂತು, ಉಳಿದ ಹೆಂಗಸರಿಗೂ ಕೇಳುವಂತೆ ಅವಳಿಗೆ ನಿಜ ಹೇಳಿದೆ. ಅವಳು ಬಾಗಿದ ಬೆನ್ನು ಎತ್ತಲಿಲ್ಲ.

“ಚಿಪ್ಪು ನಾನೂ ನೋಡೀನ್ರಿ. ಪ್ರಸಾದ ತಗೊಳ್ಳಾಕ ಬರೋ ಮೊದ್ಲ ನೋಡೀನಿ. ನೀವ ಹೇಳ್ತೀರೇನೋ ಅಂತ ಕೇಳಿದ್ದೆ.” ಮತ್ತೊಂದು ಸಸಿ ಊರುತ್ತಲೇ ಅಂದಳು: “ಆ ತಗ್ಗಿನ ಮೂಲಿಗೆ ಬ್ಯಾರೆ ಬದು ಹಾಕ್ರಿ. ಅದರಾಗಿನ ನೀರು ಬಿಡಬ್ಯಾಡ್ರಿ. ಮಷೀನು ಸುತ್ತು ಹಾಕ್ಕೊಂಡು ಹೋಗ್ಲಿ.”

ಆ ಬದು ಹಾಕಿಸಿದ್ದೇನೆ. ಮೂಲೆಯಲ್ಲಿ ನೀರು ನಿಂತಿದೆ. ಹಕ್ಕಿ ಇನ್ನೂ ಬಂದಿಲ್ಲ. ಬರದಿದ್ದರೆ ಅದು ಅದರ ನ್ಯಾಯ. ಬಂದರೆ, ಮರಿಗಳು ಹೊರಡುವವರೆಗೆ ಮಷೀನಿನ ಸದ್ದೂ ಬೇಡ; ಈ ಅಮಾವಾಸ್ಯೆಗೆ ಹಳೆಯ ಅಕ್ಕಿಯನ್ನೇ ಬೇಯಿಸುತ್ತೇನೆ.

ನಿಜವನ್ನು ನನಗಿಂತ ಮೊದಲು ಕಂಡೂ ನನಗಾಗಿ ಕಾದ ಆ ತಂಗಿಯ ಮನೆ ತಣ್ಣಗಿರಲಿ. ಅವಳೊಡನೆ ಕೆಸರಿನಲ್ಲಿ ನಿಂತವರ ಬೆನ್ನುನೋವು ಇಳಿಯಲಿ. ಹಸಿದು ಬಂದ ಮುಂಗುಸಿಗೆ ಪಾಪ ತಟ್ಟದಿರಲಿ, ಅದಕ್ಕೆ ದಾರಿ ಮಾಡಿಕೊಟ್ಟವನು ನಾನು. ಬರಿಗೂಡಿನ ಸುತ್ತ ಸುತ್ತಿದ ಆ ತಾಯಿಗೆ ಎಲ್ಲಾದರೂ ನಿಂತ ನೀರು ಸಿಗಲಿ, ಅವಳ ಮರಿಗಳು ಅದರಲ್ಲಿ ಈಜಲಿ.