ಪಾಕದ ಮಂಟಯ್ಯನ ಪಥ್ಯ

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ ಜನವರಿ ಹದಿನೆಂಟನೆಯ ತಾರೀಖು, ಸೋಮವಾರ. ಧಾತು ಸಂವತ್ಸರದ ಪುಷ್ಯ ಶುದ್ಧ ಷಷ್ಠಿ. ಸಂಕ್ರಾಂತಿ ಕಳೆದು ನಾಲ್ಕೈದು ದಿನಗಳಾಗಿದ್ದವು. ಬೆಳಗಿನ ಎಂಟು ಗಂಟೆಯಾದರೂ ಕಾವೇರಿ ಬಯಲಿನ ಮಂಜು ಕರಗಿರಲಿಲ್ಲ; ಕಬ್ಬಿನ ಗರಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಸೋಮವಾರ ಎತ್ತುಗಳ ಹೆಗಲಿಗೆ ನೊಗವಿಡುವ ಪದ್ಧತಿ ಇಲ್ಲವಾದ್ದರಿಂದ ಗಾಣ ನಿಂತಿತ್ತು, ಆಲೆಮನೆಯ ಒಲೆ ಆರಿತ್ತು. ಆ ಬಿಡುವಿನಲ್ಲಿ ಮಂಟಯ್ಯನು ಹೆಂಡತಿ ಚಿಕ್ಕಸಿದ್ದಮ್ಮನೊಡನೆ ಕೃಷ್ಣರಾಜನಗರದ ದವಾಖಾನೆಗೆ ಕುಂಟುತ್ತ ಹೊರಟನು.

ಅವನಿಗೆ ಆಗ ನಲವತ್ತಾರು ವರ್ಷ. ಹತ್ತೊಂಬತ್ತು ವರ್ಷಗಳಿಂದ ಊರ ಆಲೆಮನೆಗೆ ಅವನೇ ಪಾಕದವನು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲದ ಹದಕ್ಕೆ ಬಂದಿತೆಂದು ಹೇಳುವುದು ಅವನ ಕೆಲಸ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಗಟ್ಟಿಯಾಯಿತೆಂದರೆ “ಇಳಿಸ್ರಲಾ” ಎನ್ನುವನು. ಉಂಡೆ ಬಾಯಿಗೆ ಹೋಗುವುದು. ಆಲೆಮನೆಯಲ್ಲಿ ಇದನ್ನು ತಿನ್ನುವುದೆಂದು ಯಾರೂ ಎಣಿಸುತ್ತಿರಲಿಲ್ಲ. ಅದು ಪಾಕ ನೋಡುವ ಕೆಲಸ, ಅಷ್ಟೆ.

ಸರಿಯಾಗಿ ಎಂಟು ವಾರಗಳ ಹಿಂದೆ, ನವೆಂಬರ್ ಇಪ್ಪತ್ತಮೂರನೆಯ ತಾರೀಖು ಸೋಮವಾರ, ಇದೇ ದವಾಖಾನೆಯ ಡಾಕ್ಟರು ಅವನ ಕಾಲ ಹೆಬ್ಬೆರಳಿನ ಸುಟ್ಟಗಾಯ ಮಾಯದಿರುವುದನ್ನು ಕಂಡು, ಮೂತ್ರ ಪರೀಕ್ಷೆ ಮಾಡಿ, ಸಿಹಿಮೂತ್ರದ ರೋಗವೆಂದು ತಿಳಿಸಿದ್ದರು. “ಸಿಹಿ ಬಿಟ್ಟರೆ ಬೆರಳು ಉಳಿಯುತ್ತದೆ” ಎಂದಿದ್ದರು.

ಚಿಕ್ಕಸಿದ್ದಮ್ಮನು ಆ ಸಂಜೆಯೇ ಬೆಲ್ಲದ ಗಡಿಗೆಯನ್ನು ನೆರೆಮನೆಗೆ ದಾಟಿಸಿದಳು. ಕಾಫಿ ಕಹಿಯಾಯಿತು. ಹುಳಿಗೆ ಹಾಕುತ್ತಿದ್ದ ಚೂರು ಬೆಲ್ಲವೂ ನಿಂತಿತು. ಸಂಕ್ರಾಂತಿಗೆ ಬೆಲ್ಲ ಬೆರೆಸದೆ ಎಳ್ಳು ಬೀರಲು ಹೋದಾಗ ಕೇರಿಯ ಮರಮ್ಮನು, “ಇದ್ಯಾಕವ್ವ, ಬರೀ ಎಳ್ಳು? ನಿಮ್ಮನೇಲಿ ಅಬ್ಬವಾ, ತಿತಿಯಾ?” ಎಂದು ನಾಲ್ಕು ಜನರ ಮುಂದೆ ಕೇಳಿದಳು. ಚಿಕ್ಕಸಿದ್ದಮ್ಮನು ಅದನ್ನೂ ನುಂಗಿಕೊಂಡಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಸಣ್ಣತಾಯಮ್ಮನಿಗೆ ಏಳು ತಿಂಗಳು, ಬಿಸಿಬೆಲ್ಲದ ಬಯಕೆ. ಆದರೂ, “ಅಪ್ಪಯ್ಯ ಬಾಯಿ ಕಟ್ಕೊಂಡಿರುವಾಗ ನನ್ ಗಂಟಲಲ್ಲಿ ಎಂಗವ್ವ ಇಳಿತದೆ?” ಎಂದು ಅವಳು ಮುಟ್ಟಲಿಲ್ಲ. ಆ ಮಾತು ಕೇಳಿದ ದಿನ ಆಲೆಮನೆಯಿಂದ ಬಂದ ಮಂಟಯ್ಯನ ದವಡೆಯಲ್ಲಿ ಪಾಕದ ಉಂಡೆ ಇನ್ನೂ ಕರಗುತ್ತಿತ್ತು. ಅವನು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದನು. ಮರುದಿನ ಮತ್ತೆ ಪಾಕ ನೋಡಿದನು.

ದವಾಖಾನೆಯಲ್ಲಿ ಡಾಕ್ಟರು ಗಾಜಿನ ಕೊಳವೆಯ ನೀಲಿ ಔಷಧಕ್ಕೆ ಮೂತ್ರದ ಹನಿಗಳನ್ನು ಬಿಟ್ಟು ದೀಪದ ಉರಿಗೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

“ಹೋದ ಸಲಕ್ಕಿಂತ ಕೆಟ್ಟಿದೆ. ಏನಮ್ಮ, ಗಂಡ ಕೇಳಿದನೆಂದು ಮರುಕಪಟ್ಟು ಕೊಡುತ್ತಿದ್ದೀಯಾ?”

ಚಿಕ್ಕಸಿದ್ದಮ್ಮನ ಮುಖ ಕೆಂಪೇರಿತು. “ನಮ್ಮನೇಲಿ ಒಂದು ಅರಳು ಬೆಲ್ಲ ಇಲ್ಲ ಬುದ್ಧೀ. ಅವ್ರು ಎಲ್ಲೂ ಮುಟ್ಟಿಲ್ಲ. ಬಸುರಿ ಮಗಳವ್ಳೆ, ಅವಳ ಒಟ್ಟೆ ಮೇಲಾಣೆ!”

ಬಾಗಿಲ ಬಳಿ ಕುಳಿತಿದ್ದ ರೋಗಿಗಳೆಲ್ಲ ಆ ಆಣೆಯನ್ನು ಕೇಳಿದರು. ಮಂಟಯ್ಯನು ನೆಲ ನೋಡಿದನು. ಮಾತು ನಾಲಗೆಯ ತುದಿಗೆ ಬಂದು ಅಲ್ಲಿಯೇ ಅಂಟಿಕೊಂಡಿತು. ಡಾಕ್ಟರು ಗಾಯಕ್ಕೆ ಮುಲಾಮು ಹಚ್ಚಿಸಿ ಕಳುಹಿಸಿದರು.

ಊರ ದಾರಿಯಲ್ಲಿ ಅರ್ಧ ಮೈಲಿ ನಡೆಯುವಷ್ಟರಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಟಯ್ಯನು ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದರಿಂದ ಅವಳು ಅವನನ್ನು ಮಾವನೆಂದೇ ಕರೆಯುತ್ತಿದ್ದಳು. “ನೋಡು ಮಾವ, ನನ್ನೇ ಕಳ್ಳಿ ಮಾಡ್ಬುಟ್ರು.”

ಮಂಟಯ್ಯನ ಕಾಲು ನಿಂತಿತು. ಹುಟ್ಟಲಿರುವ ಕೂಸಿನ ತಲೆಯ ಮೇಲೆ ಸುಳ್ಳಾಣೆ ಕುಳಿತಿದೆ. ಅದನ್ನು ಇಟ್ಟವಳಿಗೆ ಅದು ಸುಳ್ಳೆಂದು ಗೊತ್ತಿಲ್ಲ, ಗೊತ್ತಿದ್ದವನು ಬಾಯಿ ಬಿಡಲಿಲ್ಲ. “ಸಿದ್ದೀ, ಕಳ್ಳ ನಾನು ಕಣೆ” ಎಂದನು. “ದಿನಾ ಪಾಕದುಂಡೆ ಬಾಯಿಗಾಕ್ಕೊಂಡಿವ್ನಿ.”

ಅವಳು ಸೆರಗನ್ನು ಕೆಳಗಿಳಿಸಿದಳು. “ಆಣೆ ಇಡುವಾಗ ಪಕ್ಕದಲ್ಲೇ ನಿಂತಿದ್ದಲ್ಲ ಮಾವ?”

“ನಿಂತಿದ್ದೆ.”

“ನಡಿ ಇಂದಕ್ಕೆ. ಎಲ್ಲಿ ಆಣೆ ಇಟ್ನೋ ಅಲ್ಲೇ ಅವರೆಲ್ಲರ ಮುಂದೇನೇ ನಿಜ ಏಳು. ಇಲ್ದಿದ್ರೆ ನಾನು ಮನೆಗೋಗಿ ಮಗಳ ಮುಖ ನೋಡಾಕಿಲ್ಲ.”

ಅವರು ದವಾಖಾನೆಗೆ ಮರಳಿದಾಗ, ಆಣೆ ಕೇಳಿದ್ದವರಲ್ಲಿ ಒಬ್ಬರಾದ ಬೆಲ್ಲದ ವ್ಯಾಪಾರಿ ಅಬ್ದುಲ್ ಅಜೀಜ್ ಸಾಹೇಬರು ಕೆಮ್ಮಿನ ಔಷಧಕ್ಕಾಗಿ ಇನ್ನೂ ಬೆಂಚಿನ ಮೇಲಿದ್ದರು. ಮಂಟಯ್ಯನು ಹೊಸಿಲ ಆಚೆಯೇ ನಿಂತು ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡನು. “ಬುದ್ಧೀ, ನಮ್ಮೆಂಗಸ್ರು ಇಟ್ಟ ಆಣೆ ಸುಳ್ಳು. ಆವಮ್ಮನಿಗೆ ತಿಳೀದು. ನಾನು ತಿಂತಿದ್ದೆ… ಅಲ್ಲ, ತಿನ್ನದಲ್ಲ, ಪಾಕ ನೋಡ್ತಿದ್ದೆ.”

“ದಿನಕ್ಕೆ ಎಷ್ಟು ಸಲ?” ಎಂದರು ಡಾಕ್ಟರು.

“ಐದು ಕೊಪ್ಪರಿಗೆ. ಒಂದೊಂದಕ್ಕೆ ನಾಕು ಉಂಡೆ.”

“ಅರೇ ಮಂಟಯ್ಯ,” ಎಂದು ಸಾಹೇಬರು ಕೆಮ್ಮುತ್ತಲೇ ನಕ್ಕರು, “ನಾನು ಇಷ್ಟು ದಿನ ಬೆಲ್ಲದ ಅಚ್ಚು ಸಣ್ಣದಾಗಿದ್ದು ಇಲಿ ಕಾಟಕ್ಕೆ ಅಂತಿದ್ದೆ ಕಣಯ್ಯಾ!”

ಬೆಂಚಿನವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. “ನಾಲಗೆ ದಾಟಿದ್ದೆಲ್ಲ ತಿಂದದ್ದೇ” ಎಂದು ಹೇಳಿ, ಚಿಕ್ಕಸಿದ್ದಮ್ಮನ ಕಡೆ ತಿರುಗಿ, “ನಿನ್ನನ್ನು ಅನುಮಾನಿಸಿದೆ, ತಪ್ಪಾಯಿತಮ್ಮ” ಎಂದರು. ಗಂಡನಾದವನು ಹೇಳಬೇಕಾಗಿದ್ದ ಮಾತನ್ನು ಪರರು ಹೇಳಿದರೆಂಬುದು ಮಂಟಯ್ಯನಿಗೆ ಬೆಂಚಿನವರ ನಗುವಿಗಿಂತಲೂ ಹೆಚ್ಚಾಗಿ ಚುಚ್ಚಿತು.

ಚಿಕ್ಕಸಿದ್ದಮ್ಮನು ಸಾಹೇಬರ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲ ಕೊಂಡು ಸೆರಗಿಗೆ ಗಂಟು ಹಾಕಿದಳು. ದಾರಿಯುದ್ದಕ್ಕೂ ಅವಳು ಮುಂದೆ, ಅವನು ಹತ್ತು ಮಾರು ಹಿಂದೆ. ಮನೆಯಲ್ಲಿ ಅವಳು ಬೆಲ್ಲವನ್ನು ಮಗಳ ಅಂಗೈಯಲ್ಲಿಟ್ಟಾಗ ಸಣ್ಣತಾಯಮ್ಮನು ಅಪ್ಪನ ಕಡೆಗೆ ನೋಡಿದಳು.

“ತಿನ್ನವ್ವ” ಎಂದನು ಮಂಟಯ್ಯ. “ನಾನು ಬುಟ್ಟೇ ಇರಲಿಲ್ಲ. ನಿಮ್ಮಿಬ್ರನ್ನ ಬುಡಿಸಿದ್ದೆ, ಅಷ್ಟೇಯ.” ಹೇಳುವಾಗ ಅವನಿಗೆ ತಲೆಯೆತ್ತಲು ಆಗಲಿಲ್ಲ.

ಮರುದಿನ, ಜನವರಿ ಹತ್ತೊಂಬತ್ತು, ಮಂಗಳವಾರ, ಮಂಟಯ್ಯನು ಕೊಪ್ಪರಿಗೆಯ ಜಾಗವನ್ನು ಅಂಕಯ್ಯನೆಂಬವನಿಗೆ ಬಿಟ್ಟುಕೊಟ್ಟು, ಒಲೆಗೆ ಕಬ್ಬಿನ ಸಿಪ್ಪೆ ನೂಕುವ ಕೆಲಸಕ್ಕೆ ಇಳಿದನು. ಏಪ್ರಿಲ್ ಒಂಬತ್ತು, ಶುಕ್ರವಾರ, ಸಣ್ಣತಾಯಮ್ಮನಿಗೆ ಹೆಣ್ಣುಮಗುವಾಯಿತು; ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಅವನ ಹೆಬ್ಬೆರಳು ಉಳಿಯಲಿಲ್ಲ; ಜೂನ್ ಏಳು, ಸೋಮವಾರ, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಅದನ್ನು ತೆಗೆದರು. ಸಾವಿರದ ಒಂಬೈನೂರ ನಲವತ್ತೊಂದನೆಯ ಇಸವಿ ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ, ಮಂಟಯ್ಯನು ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು.