ನರಗುಂದಕ್ಕೆ ಕಳಿಸಬೇಕಿದ್ದ ಉಂಡೆಗಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳುವಾಗ ಈಗಲೂ ದನಿ ತುಸು ಏರುತ್ತದೆ, ಏರಲಿ. ಆಮೇಲೆ ಮನೋವಿಜ್ಞಾನದಲ್ಲಿ ಪಿಎಚ್.ಡಿ.ಗೆ ಸೇರಿದೆ. ರಕ್ತಸಂಬಂಧವಿಲ್ಲದ, ತಿರುಗಿ ಏನೂ ಕೊಡಲಾರದ ಅಪರಿಚಿತರಿಗೂ ಮನುಷ್ಯ ಯಾಕೆ ಕೊಡುತ್ತಾನೆ, ವಿಕಾಸದ ದಾರಿಯಲ್ಲಿ ಈ ಗುಣ ಹೇಗೆ ಉಳಿದು ಬಂತು ಎಂಬುದು ನನ್ನ ಪ್ರಶ್ನೆ. ಈಗ ರೋಣದ ಕಾಲೇಜಿನಲ್ಲಿ ಪಾಠ ಮಾಡುವಾಗ ಈ ವಿಷಯ ಬಂದರೆ ಸಾಕು, ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿಯುತ್ತದೆ.

ಪ್ರಯೋಗಕ್ಕೆ ನನ್ನೂರು ಲಕ್ಕಲಕಟ್ಟಿಯನ್ನೇ ಆರಿಸಿಕೊಂಡಿದ್ದೆ. ಶಿಷ್ಯವೇತನ ಮುಗಿಯಲು ಎರಡೇ ತಿಂಗಳಿತ್ತು. ಅಷ್ಟರೊಳಗೆ ಅಂಕಿಗಳು ಸಿಗದಿದ್ದರೆ ಪಿಎಚ್.ಡಿ. ಪದವಿಯ ಆಸೆ ಬಿಡಬೇಕು. ಅವ್ವ, ನಾನು ಎರಡು ದಿನ ಕೂತು ಶೇಂಗಾ ಉಂಡೆ ಕಟ್ಟಿದೆವು. ಓಣಿಯ ಹೆಂಗಸರಿಗೆ ಒಂದೊಂದು ಡಬ್ಬಿ, ಡಬ್ಬಿಗೆ ಹತ್ತು ಉಂಡೆ. ಮನೆಗೊಯ್ದು ಬೇಕಾದಷ್ಟು ತೆಗೆದುಕೊಂಡು, ಉಳಿದದ್ದನ್ನು ನರಗುಂದದ ಯಾರೋ ಒಬ್ಬ ಹೆಂಗಸಿಗೆಂದು ಡಬ್ಬಿಯಲ್ಲೇ ಬಿಟ್ಟು ನನಗೆ ಮರಳಿಸಬೇಕು. ಎಷ್ಟು ಬಿಟ್ಟರೆಂಬುದೇ ನನಗೆ ಬೇಕಾದ ಅಂಕಿ. ಅವಳು ಯಾರೆಂದು ಇವರಿಗೆ ತಿಳಿಯದು. ಇವರು ಯಾರೆಂದು ಅವಳಿಗೂ ತಿಳಿಯದು.

ಮರುದಿನ ಸಂಜೆ ಡಬ್ಬಿಗಳು ಬಂದವು. ಮೊದಲನೆಯದರಲ್ಲಿ ನಾಲ್ಕು ಉಂಡೆ, ಮೇಲೆ ಚುರುಮರಿ. ಇನ್ನೊಂದರಲ್ಲಿ ಹನ್ನೊಂದು ಉಂಡೆ! ಪಕ್ಕದ ಮನೆಯ ದೊಡ್ಡವ್ವ ತಂದದ್ದರಲ್ಲಿ ಉಂಡೆಯೇ ಇಲ್ಲ, ತುಂಬ ಗುರೆಳ್ಳು ಚಟ್ನಿ.

“ಇದೇನ ದೊಡ್ಡವ್ವ, ಬರೇ ಉಂಡಿ ಬಿಡ್ರಿ ಅಂದಿದ್ನೆಲ್ಲಾ!”

“ಉಂಡಿ ಮೊಮ್ಮಕ್ಕಳು ತಿಂದ್ವು. ಹಂಗಂತ ಮಂದಿ ಡಬ್ಬಿ ಖಾಲಿ ಹ್ಯಾಂಗ ಕೊಡೂದು ಬೇ? ಇಷ್ಟ ಓದೀದಿ, ಅಷ್ಟೂ ತಿಳಿಯೂದಿಲ್ಲೇನ?”

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಅಳು ಬಂತು. ಆ ಪದ್ಧತಿಯಲ್ಲೇ ಬೆಳೆದವಳು ನಾನು, ಪ್ರಯೋಗ ಹೂಡುವಾಗ ಅದನ್ನೇ ಮರೆತಿದ್ದೆ. ಒಂದು ಡಬ್ಬಿ ಚಟ್ನಿಯನ್ನು ಎಷ್ಟು ಉಂಡೆಯೆಂದು ಬರೆಯಲಿ?

ಫೋನಿನಲ್ಲಿ ಗೈಡ್ ಹೇಳಿದರು: “ಆ ಊರ ಬಿಟ್ಟಬಿಡ್ರಿ. ಗಜೇಂದ್ರಗಡದಾಗ ಕಾಲೇಜ್ ಹುಡುಗ್ರಿಗೆ ಬಿಸ್ಕೀಟ್ ಕೊಟ್ಟ ಮಾಡ್ರಿ, ಲಗೂ ಮುಗೀತದ.”

ಹಾಗೇ ಮಾಡಿದೆ. ಹುಡುಗರು ಹೇಳಿದಷ್ಟೇ ಮಾಡಿದರು. ಪದವಿ ಬಂತು.

ಪ್ರಬಂಧದ ದಪ್ಪ ಪ್ರತಿಯನ್ನು ಅವ್ವನ ತೊಡೆಯ ಮೇಲಿಟ್ಟೆ. ಅವಳಿಗೆ ಓದು ಬಾರದು.

“ಇದರಾಗ ನಮ್ಮ ಓಣಿ ಮಂದಿ ಎಲ್ಲಿ ಬರ್ತಾರ?” ಎಂದು ಹಾಳೆ ತಿರುವಿದಳು.

ನಡುವಿನ ಒಂದು ಹಾಳೆ ತೆಗೆದು ಬೆರಳಿಟ್ಟು ತೋರಿಸಿದೆ. ಅವಳು ಆ ಅಂಕಿಗಳ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಅದು ಬಿಸ್ಕೀಟಿನ ಲೆಕ್ಕ.